ಹೊಗೆಮಂಜಿನ ದಿನಗಳಿಗೆ ಕೆಲವು ಜಪಾನೀ ಚಿತ್ರಮಾಲಿಕೆಗಳು

ಜಪಾನಿನ ದೂರದರ್ಶನವು ವರ್ಷವನ್ನು ನಾಲ್ಕು ಋತುಗಳಾಗಿ ವಿಭಾಗಿಸಿಕೊಂಡಿದೆ. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳುಗಳಲ್ಲಿ ಹೊಸ ಚಿತ್ರಮಾಲಿಕೆಗಳು ಆರಂಭವಾಗುತ್ತವೆ. ಯುಗಾದಿ ಎಂದು ಬರುತ್ತದೆಂದು ಕೇಳಿದರೆ ತಡವರಿಸುವ ನಮ್ಮ ದೆಹಲಿಯ ಮಕ್ಕಳು ಈ ಪಂಚಾಂಗವನ್ನು ಮಾತ್ರ ಚೆನ್ನಾಗಿ ಬಲ್ಲರು. ರಾಜಧಾನಿಯ ನಿವಾಸಿಗಳಾದ ನಮಗೆ ಇವಲ್ಲದೆ ಮತ್ತೊಂದು ಋತುವೂ ಇದೆ. ಅದು ದೀಪಾವಳಿಯ ಆಸುಪಾಸಿನಲ್ಲಿ ತೊಡಗಿ ಸಂಕ್ರಾಂತಿಯವರೆಗೂ ಎಳೆಯುವ ಹೊಗೆಮಂಜಿನ ಋತು. 2024ರ ನವೆಂಬರಿನಲ್ಲಿ ಗಾಳಿ ತೀರ ಕೆಟ್ಟು, ಶಾಲೆಗಳೇ ಮನೆಯ ಪರದೆಗೆ ಸ್ಥಳಾಂತರಗೊಂಡುದನ್ನು ಯಾವ ತಾಯಿತಂದೆಯರೂ ಮರೆತಿರಲಾರರು. ಹೊರಗೆ ಆಡಲು ಕಳುಹಿಸುವಂತಿಲ್ಲ. ಒಳಗಿದ್ದರೆ ಪರದೆಯ ಮುಂದಿನಿಂದ ಏಳುವುದಿಲ್ಲ. ಹೀಗಿರಲು, ನೋಡಬೇಡಿರೆಂದು ಗದರಿಸುವುದಕ್ಕಿಂತ, ನೋಡತಕ್ಕದ್ದನ್ನು ಆರಿಸಿ ಜೊತೆಯಲ್ಲಿ ಕುಳಿತುಕೊಳ್ಳುವುದೇ ಹಿರಿಯರಿಗೆ ಉಳಿದಿರುವ ಮಾರ್ಗವೆಂದು ನಮ್ಮ ಅಭಿಪ್ರಾಯ.

ಅನಿಮೆ ಎಂಬ ಹೆಸರು ಹೊಸದಾಗಿ ಕೇಳಿಸಿದರೂ ವಸ್ತು ನಮಗೆ ಅಪರಿಚಿತವಲ್ಲ. ತೊಂಬತ್ತರ ದಶಕದಲ್ಲಿ ಭಾನುವಾರದ ಬೆಳಿಗ್ಗೆ ದೂರದರ್ಶನದಲ್ಲಿ ಬರುತ್ತಿದ್ದ ‘ಜಂಗಲ್ ಬುಕ್’ ಜಪಾನಿನಲ್ಲಿ ತಯಾರಾದದ್ದು. ಗುಲ್ಜಾರರ ಹಿಂದಿ ಹಾಡಿನಿಂದಾಗಿ ಮೋಗ್ಲಿಯನ್ನು ನಾವೆಲ್ಲ ಅಪ್ಪಟ ಭಾರತೀಯ ಕೃತಿಯೆಂದೇ ಭಾವಿಸಿದ್ದೆವು. ಅಂದು ಅದನ್ನು ನೋಡಿದ ಮಕ್ಕಳೇ ಇಂದು ಮಯೂರ ವಿಹಾರದಲ್ಲೂ ನೋಯ್ಡಾ, ಗುರುಗ್ರಾಮಗಳಲ್ಲೂ ಸಂಸಾರ ಹೂಡಿರುವ ತಾಯಿತಂದೆಯರು.

ಈ ಸಂಚಿಕೆಯ ಓದುಗರಿಗೆ ಮೊದಲಾಗಿ ಸೂಚಿಸಬೇಕಾದದ್ದು ‘ದಿ ಅಪಾಥೆಕರಿ ಡೈರೀಸ್’. ಔಷಧಕಾರಳ ದಿನಚರಿ ಎಂದು ಅರ್ಥ. ಹ್ಯೂಗಾ ನತ್ಸು ಎಂಬವರ ಕಾದಂಬರಿಗಳನ್ನು ಆಧರಿಸಿದ ಈ ಮಾಲಿಕೆಯ ಮೊದಲ ಭಾಗ 2023ರ ಅಕ್ಟೋಬರಿನಲ್ಲಿಯೂ ಎರಡನೆಯ ಭಾಗ 2025ರ ಜನವರಿಯಲ್ಲಿಯೂ ಆರಂಭವಾದವು; ಒಂದೊಂದರಲ್ಲೂ ಇಪ್ಪತ್ತನಾಲ್ಕು ಕಂತುಗಳು. ಪ್ರಾಚೀನ ಚೀಣವನ್ನು ಹೋಲುವ ಕಲ್ಪಿತ ರಾಜ್ಯವೊಂದರ ಅಂತಃಪುರಕ್ಕೆ ಮಾವೊಮಾವೊ ಎಂಬ ಹುಡುಗಿ ದಾಸಿಯಾಗಿ ಬಂದು ಸೇರುತ್ತಾಳೆ. ಗಿಡಮೂಲಿಕೆಗಳನ್ನೂ ವಿಷಗಳನ್ನೂ ಬಲ್ಲವಳು. ಅರಮನೆಯ ಶಿಶುಗಳು ಒಂದಾದ ಮೇಲೊಂದು ಬಳಲಿ ಸಾಯುತ್ತಿರಲು, ಎಲ್ಲರೂ ಶಾಪವೆಂದು ಗುಸುಗುಟ್ಟುವಾಗ, ತಾಯಂದಿರು ಮುಖಕ್ಕೆ ಬಳಿದುಕೊಳ್ಳುವ ಬಿಳಿಯ ಪುಡಿಯೇ ವಿಷವೆಂದು ಇವಳು ಕಂಡುಹಿಡಿಯುತ್ತಾಳೆ. ಇದು ಬರಿಯ ಕಟ್ಟುಕಥೆಯಲ್ಲ. ಹಿಂದಿನ ಕಾಲದ ಇಂತಹ ಪುಡಿಗಳಲ್ಲಿ ಸೀಸ ಇರುತ್ತಿದ್ದುದು ನಿಜ. ನಮ್ಮ ನಗರದ ಗಲ್ಲಿಗಳಲ್ಲಿ ಮಾರುವ ಸುರ್ಮಾದಲ್ಲಿಯೂ ಸೀಸ ಇರಬಹುದಾದ್ದರಿಂದ ಅದನ್ನು ಎಳೆಯ ಮಕ್ಕಳ ಕಣ್ಣಿಗೆ ಹಚ್ಚಲಾಗದು.

ಅದಕ್ಕಿಂತಲೂ ನಮ್ಮ ಮನೆಗಳಿಗೆ ಹತ್ತಿರವಾದ ಪ್ರಸಂಗವೊಂದು ಮೊದಲ ಭಾಗದಲ್ಲಿದೆ. ಒಂದು ಹಸುಗೂಸು ಸತ್ತಿದೆ. ಕೊಂದವರು ವೈರಿಗಳಲ್ಲ, ಮಗುವಿನ ಮೇಲೆ ಪ್ರಾಣವಿಟ್ಟುಕೊಂಡಿದ್ದವಳೇ ಪುಷ್ಟಿಗೆಂದು ಅದಕ್ಕೆ ಜೇನು ನೆಕ್ಕಿಸಿರುತ್ತಾಳೆ. ಹುಟ್ಟಿದ ಕೂಸಿನ ನಾಲಗೆಗೆ ಜೇನು ಸವರುವ ಪದ್ಧತಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿದೆ. ಜಾತಕರ್ಮದಲ್ಲಿ ಜೇನು-ತುಪ್ಪಕ್ಕೆ ಸ್ಥಾನವೇ ಇದೆ. ಆದರೆ ಜೇನಿನಲ್ಲಿ ಬಾಟುಲಿಸಂ ರೋಗಾಣುವಿನ ಬೀಜಕಗಳು ಇರಬಹುದು. ದೊಡ್ಡವರ ಕರುಳು ಅವುಗಳನ್ನು ಬೆಳೆಯಗೊಡುವುದಿಲ್ಲ. ಒಂದು ವರ್ಷದೊಳಗಿನ ಶಿಶುವಿನ ಕರುಳಿಗೆ ಆ ಸಾಮರ್ಥ್ಯವಿಲ್ಲ. ಅಲ್ಲಿ ಅವು ಮೊಳೆತು ವಿಷವನ್ನು ಸ್ರವಿಸುತ್ತವೆ. ಮಲಬದ್ಧತೆ, ಕ್ಷೀಣವಾದ ಅಳು, ಹಾಲು ಹೀರಲಾರದ ನಿಶ್ಶಕ್ತಿ, ಕೊನೆಗೆ ಉಸಿರಾಟಕ್ಕೂ ಕುತ್ತು. ವರ್ಷ ತುಂಬುವವರೆಗೆ ಜೇನು ಕೂಡದೆಂದು ಮಕ್ಕಳ ವೈದ್ಯರು ಹೇಳಿದಾಗ ಅಜ್ಜಿಯಂದಿರು ಮುಖ ಸಿಂಡರಿಸುವುದುಂಟು. ಅವರನ್ನು ಈ ಕಂತಿನ ಮುಂದೆ ಕೂರಿಸಿ ನೋಡಬಹುದು. ಒಂದು ಎಚ್ಚರಿಕೆ: ನಾಯಕಿ ಬೆಳೆದದ್ದು ವೇಶ್ಯಾವಾಟಿಕೆಯಲ್ಲಾದ್ದರಿಂದ ಹದಿಮೂರು ದಾಟದ ಮಕ್ಕಳಿಗೆ ಈ ಮಾಲಿಕೆ ಹಿಡಿಸದು.

ಚಿಕ್ಕವರಿಗೆ ‘ಸೆಲ್ಸ್ ಅಟ್ ವರ್ಕ್’ ಇದೆ. 2018ರದು, ಹೊಸದಲ್ಲ, ಆದರೂ ಬಿಟ್ಟುಬಿಡಲು ಮನಸ್ಸಾಗದು. ಶರೀರವೇ ಒಂದು ಮಹಾನಗರ. ಆಮ್ಲಜನಕದ ಪೆಟ್ಟಿಗೆ ಹೊತ್ತು ಮತ್ತೆ ಮತ್ತೆ ದಾರಿ ತಪ್ಪುವ ಕೆಂಪು ರಕ್ತಕಣದ ಹುಡುಗಿ (ಕನಾಟ್ ಪ್ಲೇಸಿನ ವೃತ್ತಗಳಲ್ಲಿ ಸುತ್ತಿದ ಹೊಸಬರ ನೆನಪಾಗದಿರದು!), ರೋಗಾಣುಗಳನ್ನು ಬೇಟೆಯಾಡುವ ಬಿಳಿಯ ರಕ್ತಕಣ, ಗಾಯದ ಬಾಯಿ ಮುಚ್ಚುವ ಪುಟ್ಟ ಮಕ್ಕಳಂತಹ ಕಿರುಬಿಲ್ಲೆಗಳು. ಬಿಸಿಲಾಘಾತದ ಕುರಿತೇ ಒಂದು ಕಂತಿದೆ. ಮೇ ತಿಂಗಳ ದೆಹಲಿಗೆ ಪಾಠವಾಗುವಂತಹುದು. ರಕ್ತಸ್ರಾವವನ್ನು ಕೆಂಪಾಗಿಯೇ ತೋರಿಸುವುದರಿಂದ ತೀರ ಅಂಜುಬುರುಕ ಮಕ್ಕಳಿಗೆ ಪಕ್ಕದಲ್ಲೊಬ್ಬರು ಬೇಕು. ಇದರ ಸೋದರ ಮಾಲಿಕೆ ‘ಕೋಡ್ ಬ್ಲ್ಯಾಕ್’ (2021) ಧೂಮಪಾನ, ಮದ್ಯಪಾನಗಳಿಂದ ಜರ್ಜರಿತವಾದ ದೇಹದ ಕಥೆ. ಅದು ಮಕ್ಕಳಿಗಲ್ಲ, ಅವರ ತಂದೆಯರಿಗೆ.

ಹಿರಿಯರು ತಮಗಾಗಿಯೇ ನೋಡಬೇಕಾದದ್ದು ‘ಫ್ರೀರೆನ್’. ಮೊದಲ ಭಾಗ 2023ರಲ್ಲಿ ತೊಡಗಿ ಇಪ್ಪತ್ತೆಂಟು ಕಂತು ನಡೆಯಿತು. ಎರಡನೆಯದು 2026ರ ಜನವರಿಯಲ್ಲಿ ಆರಂಭವಾಯಿತು. ಸಾವಿರ ವರ್ಷಕ್ಕೂ ಮೀರಿ ಬದುಕಿರುವ ಮಾಂತ್ರಿಕಳೊಬ್ಬಳು ಮನುಷ್ಯ ಸಂಗಡಿಗರೊಡನೆ ಹತ್ತು ವರ್ಷ ಸಂಚರಿಸುತ್ತಾಳೆ. ಅವಳಿಗದು ಕ್ಷಣಮಾತ್ರ. ಮರಳಿ ಬಂದು ನೋಡುವಾಗ ಗೆಳೆಯ ಮುದುಕನಾಗಿದ್ದಾನೆ. ಸ್ವಲ್ಪ ಕಾಲದಲ್ಲಿಯೇ ಸಾಯುತ್ತಾನೆ. ಅವನನ್ನು ಅರಿಯಲು ತಾನು ಯತ್ನಿಸಲೇ ಇಲ್ಲವಲ್ಲ ಎಂದು ಅವಳು ಅತ್ತು, ಅರಿಯಲೆಂದೇ ಮತ್ತೊಮ್ಮೆ ಪ್ರಯಾಣ ಹೊರಡುತ್ತಾಳೆ. ಊರಿನಲ್ಲಿ ಮುಪ್ಪಿನ ತಂದೆತಾಯಿಗಳನ್ನು ಬಿಟ್ಟು, ವರ್ಷಕ್ಕೊಮ್ಮೆ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಬಂದಿರುವ ನಮ್ಮಂಥವರಿಗೆ ಇದರಲ್ಲಿ ವಿವರಿಸಬೇಕಾದುದೇನೂ ಇಲ್ಲ.

ಇನ್ನು 2025ರ ಸೆಪ್ಟೆಂಬರಿನಲ್ಲಿ ನಮ್ಮ ಚಿತ್ರಮಂದಿರಗಳಿಗೆ ಬಂದು ಯುವಕರನ್ನು ಸೂರೆಗೊಂಡ ‘ಡೀಮನ್ ಸ್ಲೇಯರ್’. ಚಿತ್ರಕಲೆ ಅಸಾಧಾರಣ, ತಲೆ ಕಡಿಯುವುದೂ ಅಷ್ಟೇ ಧಾರಾಳ. ಅಣ್ಣ ನೋಡಿದನೆಂದು ಏಳು ವರ್ಷದ ತಂಗಿಗೂ ತೋರಿಸತಕ್ಕದ್ದಲ್ಲ.

ಕಣ್ಣಿನ ಮಾತು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ‘ಪೊಕೆಮಾನ್’ ಕಂತೊಂದರಲ್ಲಿ ಕೆಂಪು-ನೀಲಿ ಬೆಳಕು ವೇಗವಾಗಿ ಮಿನುಗಿದಾಗ ಸುಮಾರು 685 ಮಂದಿ, ಬಹುತೇಕ ಮಕ್ಕಳು, ಆಸ್ಪತ್ರೆ ಸೇರಿದರು. ಅನೇಕರಿಗೆ ಸೆಳವು ಬಂದಿತ್ತು. ದೀಪ ಹಚ್ಚಿದ ಕೋಣೆಯಲ್ಲಿ, ಪರದೆಯಿಂದ ದೂರ ಕುಳಿತು ನೋಡಿರೆಂಬ ಸೂಚನೆ ಅಲ್ಲಿಯ ಮಕ್ಕಳ ಕಾರ್ಯಕ್ರಮಗಳಲ್ಲಿ ರೂಢಿಯಾದದ್ದು ಅದರ ತರುವಾಯ. ಮೂರ್ಛೆರೋಗವಿರುವ ಮಕ್ಕಳ ವಿಷಯದಲ್ಲಿ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ದೆಹಲಿಯ ಶಾಲಾಮಕ್ಕಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ನೂರಕ್ಕೆ 13ರಷ್ಟು ಮಕ್ಕಳಿಗೆ ಸಮೀಪದೃಷ್ಟಿಯಿತ್ತು. ವಾರಕ್ಕೆ ಹದಿನಾಲ್ಕು ಗಂಟೆಗೂ ಮಿಕ್ಕಿ ಹೊರಗೆ ಆಡುವವರಲ್ಲಿ ಅದು ಕಡಿಮೆ. ಗಾಳಿ ತಿಳಿಯಾದ ದಿನ ಚಿತ್ರಮಾಲಿಕೆ ಕಾಯಲಿ, ಮಕ್ಕಳು ಅಂಗಳಕ್ಕಿಳಿಯಲಿ. ಉಳಿದ ದಿನಗಳಲ್ಲಿ ಒಂದು ಕಂತಿಗೆ ಸುಮಾರು ಇಪ್ಪತ್ತನಾಲ್ಕು ನಿಮಿಷ. ಮುಗಿದೊಡನೆ ಎದ್ದು ಕಿಟಕಿಯಾಚೆಯ ಮರವನ್ನು ನೋಡಲಿ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯೇ ಪರಮಾವಧಿಯೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ.

ಕಡೆಯದು ಭಾಷೆಯ ಪ್ರಶ್ನೆ. ಯೂಗೊ ಸಾಕೊ ಅವರು ನಮ್ಮ ರಾಮ್ ಮೋಹನರೊಡನೆ ನಿರ್ಮಿಸಿದ ರಾಮಾಯಣದ ಅನಿಮೆ 1993ರ ಜನವರಿಯಲ್ಲಿ ಇದೇ ದೆಹಲಿಯ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ತೋರಿಸಲ್ಪಟ್ಟಿತು. 2025ರ ಜನವರಿ 24ರಂದು ಅದು ದೇಶದ ಚಿತ್ರಮಂದಿರಗಳಿಗೆ ಬಂದಾಗ ಹಿಂದಿ, ತಮಿಳು, ತೆಲುಗು, ಇಂಗ್ಲಿಷುಗಳಲ್ಲಿತ್ತು, ಕನ್ನಡದಲ್ಲಿರಲಿಲ್ಲ. ನಮ್ಮ ಮಕ್ಕಳು ಮಾವೊಮಾವೊಳನ್ನು ಕಾಣುವುದೂ ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ. ಆದುದರಿಂದ ಕಂತು ಮುಗಿದ ಮೇಲೆ, ರಾತ್ರಿಯ ಊಟದ ಹೊತ್ತಿಗೆ, ಅದರ ಕಥೆಯನ್ನು ಅಜ್ಜಿಗೆ ಕನ್ನಡದಲ್ಲಿ ಹೇಳುವ ಕರಾರನ್ನು ಮಕ್ಕಳೊಡನೆ ಮಾಡಿಕೊಳ್ಳಬಹುದು. ‘ಪ್ಲೇಟ್‌ಲೆಟ್’ಗೆ ಏನೆನ್ನುವುದೆಂದು ಅವರು ಖಂಡಿತ ಕೇಳುತ್ತಾರೆ. ಕಿರುಬಿಲ್ಲೆ ಎಂದು ಹೇಳಿಕೊಡಿರಿ.