ಕುದುರೆಯ ಹೊಟ್ಟೆಶೂಲೆ

ಅಶ್ವವನ್ನು ರಾಜ್ಯದ ಬಲಗಳಲ್ಲಿ ಒಂದೆಂದು ಎಣಿಸಿದ ನಾಡು ನಮ್ಮದು. ಅದರ ಲಕ್ಷಣ, ಪೋಷಣೆ, ಚಿಕಿತ್ಸೆಗಳನ್ನು ಕುರಿತು ಶಾಲಿಹೋತ್ರನ ಹೆಸರಿನಲ್ಲಿ ಸಂಸ್ಕೃತದಲ್ಲಿ ಒಂದು ಶಾಸ್ತ್ರವೇ ಬೆಳೆಯಿತು. ಕನ್ನಡದಲ್ಲಿಯೂ ಪದ್ಮಣ ಪಂಡಿತನು 17ನೆಯ ಶತಮಾನದಲ್ಲಿ ‘ಹಯಸಾರಸಮುಚ್ಚಯ’ವೆಂಬ ಗ್ರಂಥವನ್ನು ರಚಿಸಿದನು. ಟಿಪ್ಪುವಿನ ಕಾಲದಲ್ಲಿ ಸೈನ್ಯಕ್ಕಾಗಿ ಕುದುರೆಗಳನ್ನು ಬೆಳೆಸಿದ ಕುಣಿಗಲ್, ಅನಂತರ ಪಂದ್ಯದ ಕುದುರೆಗಳಿಂದ ಹೆಸರಾಯಿತು. ಈಗ ಯುದ್ಧಕ್ಕೆ ಕುದುರೆ ಬೇಕಿಲ್ಲ. ರಸ್ತೆಗಳನ್ನು ಮೋಟಾರು ಆಕ್ರಮಿಸಿದೆ. ಆದರೂ ಮೈಸೂರಿನ ಟಾಂಗಾದಲ್ಲಿ, ದಸರಾ ಮೆರವಣಿಗೆಯ ಅಶ್ವಾರೋಹಿ ದಳದಲ್ಲಿ, ಪಂದ್ಯದ ಲಾಯಗಳಲ್ಲಿ, ಸವಾರಿ ಕಲಿಸುವ ಶಾಲೆಗಳಲ್ಲಿ ಕುದುರೆಯು ಇನ್ನೂ ನಮ್ಮ ನಡುವೆಯೇ ಇದೆ. ಲಕ್ಷಾಂತರ ರೂಪಾಯಿಯ ಪಂದ್ಯದ ಕುದುರೆಯನ್ನೂ, ಒಂದು ಸಂಸಾರದ ಅನ್ನಕ್ಕೆ ಆಧಾರವಾದ ಟಾಂಗಾದ ಕುದುರೆಯನ್ನೂ ಭೇದವೆಣಿಸದೆ ಹಿಡಿಯತಕ್ಕ ಒಂದು ವ್ಯಾಧಿಯುಂಟು. ಅದೇ ಹೊಟ್ಟೆಶೂಲೆ. ಸಾಕಿದ ಕುದುರೆಗಳ ಮರಣಕ್ಕೆ ಮುಖ್ಯವಾದ ಕಾರಣಗಳಲ್ಲಿ ಇದೂ ಒಂದು.

ಮನುಷ್ಯನಿಗೆ ಹೊಟ್ಟೆ ನೋಯುವುದು ಸಾಮಾನ್ಯ; ಒಂದು ಹೊತ್ತು ಲಂಘನ ಮಾಡಿದರೆ ಸರಿಹೋಗುತ್ತದೆ. ಕುದುರೆಗೆ ಮಾತ್ರ ಅದೇಕೆ ಪ್ರಾಣಾಂತಿಕವಾಗಬೇಕು? ಈ ಪ್ರಶ್ನೆಗೆ ಉತ್ತರವು ಅದರ ದೇಹದ ರಚನೆಯಲ್ಲಿಯೇ ಇದೆ. ಮೊದಲನೆಯದಾಗಿ, ಕುದುರೆಯು ವಾಂತಿ ಮಾಡಲಾರದು. ಅನ್ನನಾಳವು ಜಠರವನ್ನು ಸೇರುವ ಸ್ಥಳದಲ್ಲಿರುವ ಸ್ನಾಯುವಿನ ಬಿಗಿತ ಎಷ್ಟೆಂದರೆ, ಒಳಕ್ಕೆ ಹೋದುದು ಆ ದಾರಿಯಿಂದ ಹಿಂದಿರುಗುವುದು ಬಹಳ ಅಪರೂಪ. ಎರಡನೆಯದಾಗಿ, ಇಷ್ಟು ದೊಡ್ಡ ಪ್ರಾಣಿಯ ಜಠರವು ತೀರ ಚಿಕ್ಕದು. ಅದರಲ್ಲಿ ಹಿಡಿಯುವುದು ಸುಮಾರು 8ರಿಂದ 15 ಲೀಟರು. ಹಸುವಿಗಿರುವಂತೆ ಮೆಲುಕು ಹಾಕುವ ವ್ಯವಸ್ಥೆಯೂ ಇದಕ್ಕಿಲ್ಲ. ಮೂರನೆಯದಾಗಿ, ಹುಲ್ಲಿನ ನಾರು ಜೀರ್ಣವಾಗುವುದು ಕರುಳಿನ ಕೊನೆಯ ಭಾಗದಲ್ಲಿರುವ ಹಿರಿದಾದ ಚೀಲಗಳಲ್ಲಿ. ಅಲ್ಲಿ ವಾಸಿಸುವ ಅಸಂಖ್ಯಾತ ಸೂಕ್ಷ್ಮಜೀವಿಗಳೇ ನಾರನ್ನು ಹುದುಗಿಸಿ ಕುದುರೆಗೆ ಶಕ್ತಿಯನ್ನು ಒದಗಿಸುತ್ತವೆ. ಈ ದೊಡ್ಡ ಕರುಳು ಒಂದೆಡೆಯಲ್ಲಿ ಒಮ್ಮೆಲೇ ಹಿಂದಕ್ಕೆ ಬಾಗಿ ಕಿರಿದಾಗುತ್ತದೆ. ಅಗಲವಾದ ನಾಲೆಯು ಇಕ್ಕಟ್ಟಾದ ತೂಬನ್ನು ಸೇರಿದಂತೆ, ಒಣಗಿದ ಆಹಾರವು ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಈ ರಚನೆಯಲ್ಲಿ ದೋಷವೇನೂ ಇಲ್ಲ. ಬಯಲಿನಲ್ಲಿ ಸ್ವೇಚ್ಛೆಯಾಗಿರುವ ಕುದುರೆಯು ದಿನದ 24 ಗಂಟೆಗಳಲ್ಲಿ ಸುಮಾರು 16 ಗಂಟೆ ಮೇಯುತ್ತ, ನಡೆಯುತ್ತ, ಮತ್ತೆ ಮೇಯುತ್ತ ಇರುತ್ತದೆ. ಚಿಕ್ಕ ಜಠರಕ್ಕೆ ಸ್ವಲ್ಪಸ್ವಲ್ಪವಾಗಿ ಹುಲ್ಲು ಸಂದು, ಅದು ಸ್ವಲ್ಪಸ್ವಲ್ಪವಾಗಿಯೇ ಮುಂದಕ್ಕೆ ಸಾಗುತ್ತದೆ. ಅಂತಹ ಪ್ರಾಣಿಯನ್ನು ಲಾಯದಲ್ಲಿ ಕಟ್ಟಿ, ದಿನಕ್ಕೆ ಎರಡು ಹೊತ್ತು ಹುರುಳಿಯನ್ನೂ ತೌಡನ್ನೂ ಸುರಿದು, ನಡುವೆ ಬರಿಯ ಬಾಯಲ್ಲಿ ನಿಲ್ಲಿಸಿದವರು ನಾವು. ಹೊಟ್ಟೆಶೂಲೆಯ ಹಲವು ಪ್ರಸಂಗಗಳ ಬೇರು ಇರುವುದು ಇಲ್ಲಿಯೇ. ಆದುದರಿಂದ ಈ ವ್ಯಾಧಿಯ ಚಿಕಿತ್ಸೆಯು ವೈದ್ಯರ ಪೆಟ್ಟಿಗೆಯಲ್ಲಿ ಆರಂಭವಾಗುವುದಿಲ್ಲ. ಲಾಯದ ಗೋದಲಿಯಲ್ಲಿಯೂ ನೀರಿನ ತೊಟ್ಟಿಯಲ್ಲಿಯೂ ಆರಂಭವಾಗುತ್ತದೆ.

ಮೊದಲು ಆಹಾರದ ವಿಚಾರ. ಕುದುರೆಗೆ ದಿನವೊಂದಕ್ಕೆ ಅದರ ತೂಕದ ನೂರರಲ್ಲಿ ಒಂದೂವರೆಯಿಂದ ಎರಡು ಪಾಲಿನಷ್ಟು ಒಣ ಮೇವು ಬೇಕು. ಎಂದರೆ 300 ಕಿಲೋ ತೂಗುವ ಟಾಂಗಾದ ಕುದುರೆಗೆ ಐದಾರು ಕಿಲೋ. ಇದರಲ್ಲಿ ಹೆಚ್ಚಿನ ಭಾಗವು ಹುಲ್ಲಾಗಿರಬೇಕು. ಹುರುಳಿ, ಕಡಲೆ, ತೌಡುಗಳು ದುಡಿಮೆಗೆ ತಕ್ಕಂತೆ ಮಾತ್ರ. ಕಾಳನ್ನು ಒಂದೇ ಸಾರಿ ಹೆಚ್ಚಾಗಿ ತಿನ್ನಿಸಿದರೆ ಅದು ಜೀರ್ಣವಾಗದೆಯೇ ದೊಡ್ಡ ಕರುಳಿಗೆ ಜಾರುತ್ತದೆ. ಅಲ್ಲಿ ಅತಿಯಾಗಿ ಹುದುಗಿ, ವಾಯುವೂ ಆಮ್ಲವೂ ಉತ್ಪನ್ನವಾಗಿ, ಹೊಟ್ಟೆಯುಬ್ಬರವನ್ನೂ, ಗೊರಸಿನ ಒಳಪದರಗಳಲ್ಲಿ ಉಂಟಾಗುವ ಭಯಂಕರವಾದ ಉರಿಯೂತವನ್ನೂ ತರಬಲ್ಲುದು. ಮೇವನ್ನು ಬದಲಾಯಿಸುವಾಗಲೂ ಅವಸರ ಕೂಡದು. ಕರುಳಿನ ಸೂಕ್ಷ್ಮಜೀವಿಗಳು ಹೊಸ ಆಹಾರಕ್ಕೆ ಹೊಂದಿಕೊಳ್ಳಲು ಕಾಲಾವಕಾಶ ಬೇಕು. ಹಳೆಯದರಲ್ಲಿ ಹೊಸದನ್ನು ಬೆರೆಸುತ್ತ ಏಳರಿಂದ ಹತ್ತು ದಿನಗಳಲ್ಲಿ ಬದಲಾವಣೆಯನ್ನು ಪೂರೈಸತಕ್ಕದ್ದು. ಬೂಷ್ಟು ಹಿಡಿದ ಹುಲ್ಲನ್ನು ಅಗ್ಗವೆಂದು ಕೊಳ್ಳುವುದು ರೋಗವನ್ನು ದುಡ್ಡು ಕೊಟ್ಟು ತಂದಂತೆ. ಮರಳಿನ ನೆಲದ ಮೇಲೆ ಮೇವು ಚೆಲ್ಲಿದರೆ, ಹುಲ್ಲಿನ ಸಂಗಡ ಮರಳೂ ಒಳಕ್ಕೆ ಹೋಗಿ ಕರುಳಿನ ತಳದಲ್ಲಿ ಶೇಖರವಾಗುತ್ತದೆ.

ಎರಡನೆಯದು ನೀರು. ಸಾಧಾರಣ ಕುದುರೆಯು ದಿನಕ್ಕೆ 25ರಿಂದ 50 ಲೀಟರಿನವರೆಗೂ ಕುಡಿಯುತ್ತದೆ. ಬೇಸಗೆಯಲ್ಲಿಯೂ ದುಡಿಮೆಯಲ್ಲಿಯೂ ಇನ್ನೂ ಹೆಚ್ಚು ಬೇಕಾಗಬಹುದು. ನೀರು ಸಾಲದೆ ಹೋದರೆ ಕರುಳಿನೊಳಗಣ ಮೇವು ಒಣಗಿ, ನಾನು ಮೇಲೆ ಹೇಳಿದ ಆ ಇಕ್ಕಟ್ಟಾದ ಬಾಗಿನಲ್ಲಿ ಗಟ್ಟಿಯಾಗಿ ಕೂಡುತ್ತದೆ. ಗಟ್ಟಿ ದಂಟಿನ ಒಣಹುಲ್ಲನ್ನು ಹಾಕುವ ಲಾಯಗಳಲ್ಲಂತೂ ನೀರಿನ ತೊಟ್ಟಿಯು ಎಂದಿಗೂ ಬರಿದಾಗಬಾರದು. ಬಿಸಿಲಿನಲ್ಲಿ ಗಿರಾಕಿಗಾಗಿ ಗಂಟೆಗಟ್ಟಲೆ ನಿಲ್ಲುವ ಟಾಂಗಾದ ಕುದುರೆಗೆ ನಿಲ್ದಾಣದಲ್ಲಿ ಒಂದು ನೀರಿನ ತೊಟ್ಟಿಯನ್ನು ಕಟ್ಟಿಸುವುದು ಎಷ್ಟೋ ಔಷಧಗಳಿಗಿಂತ ಮೇಲಾದ ಉಪಕಾರ.

ಮೂರನೆಯದು ಹಲ್ಲು. ಕುದುರೆಯ ಹಲ್ಲು ವರ್ಷಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಮೇಲೇಳುತ್ತ, ಅಷ್ಟೇ ಸವೆಯುತ್ತ ಇರುತ್ತದೆ. ಮೇಲಿನ ದವಡೆ ಅಗಲ, ಕೆಳಗಿನದು ಕಿರಿದು. ಆದಕಾರಣ ಸವೆತವು ಸಮನಾಗದೆ ಅಂಚುಗಳು ಚೂಪಾಗಿ ಕೆನ್ನೆಯನ್ನೂ ನಾಲಗೆಯನ್ನೂ ಕೊಯ್ಯುತ್ತವೆ. ಬಾಯಿ ನೋಯುವ ಕುದುರೆಯು ಮೇವನ್ನು ಅಗಿಯದೆ ನುಂಗುತ್ತದೆ, ಇಲ್ಲವೆ ಅರೆಯಗಿದ ಹುಲ್ಲನ್ನು ಉಂಡೆಯಾಗಿ ಉಗುಳುತ್ತದೆ. ವರ್ಷಕ್ಕೊಮ್ಮೆ ಬಲ್ಲವರಿಂದ ಹಲ್ಲನ್ನು ಪರೀಕ್ಷಿಸಿ ಅರದಿಂದ ಉಜ್ಜಿಸಿದರೆ ಸಾಕು.

ನಾಲ್ಕನೆಯದು ಕ್ರಿಮಿ. ಕೆಲವು ಜಾತಿಯ ಹುಳುಗಳ ಮರಿಗಳು ಕರುಳಿಗೆ ರಕ್ತವನ್ನು ಒಯ್ಯುವ ನಾಳದಲ್ಲಿಯೇ ಬೆಳೆದು, ಅದನ್ನು ಕೆಡಿಸಿ ಪ್ರಾಣಾಪಾಯವನ್ನು ಉಂಟುಮಾಡುತ್ತವೆ. ಜಪಾನಿನ ಮಣ್ಣಿನಲ್ಲಿ ದೊರೆತ ಒಂದು ಸೂಕ್ಷ್ಮಜೀವಿಯಿಂದ ಸಿದ್ಧವಾದ ಐವರ್‌ಮೆಕ್ಟಿನ್ ಎಂಬ ಔಷಧವು 1981ರಲ್ಲಿ ಪ್ರಾಣಿಗಳ ಬಳಕೆಗೆ ಬಂದ ಮೇಲೆ ಈ ಪಿಡುಗು ಬಹುಮಟ್ಟಿಗೆ ತಗ್ಗಿತು. ಅದರ ಶೋಧನೆಗಾಗಿ ಒಮುರಾ ಮತ್ತು ಕ್ಯಾಂಪ್‌ಬೆಲ್ ಎಂಬ ವಿಜ್ಞಾನಿಗಳಿಗೆ 2015ರಲ್ಲಿ ನೊಬೆಲ್ ಬಹುಮಾನವು ಸಂದಿತು. ಆದರೆ ಔಷಧವು ಒಳ್ಳೆಯದೆಂದು ತಿಂಗಳು ತಿಂಗಳೂ ಕುಡಿಸುವುದು ತಪ್ಪು. ಹುಳುಗಳು ಅದನ್ನು ತಡೆದುಕೊಳ್ಳುವ ಶಕ್ತಿಯನ್ನು ಪಡೆಯುತ್ತವೆ. ಲದ್ದಿಯಲ್ಲಿ ಮೊಟ್ಟೆಗಳೆಷ್ಟಿವೆ ಎಂದು ಪರೀಕ್ಷಿಸಿ, ವೈದ್ಯರ ಸಲಹೆಯಂತೆ ಕೊಡುವುದೇ ಈಗಿನ ಪದ್ಧತಿ.

ಇಷ್ಟು ಎಚ್ಚರವಿದ್ದರೂ ಶೂಲೆ ಬಂದೀತು. ಬಂದುದನ್ನು ಬೇಗನೆ ಗುರುತಿಸುವುದು ಹೇಗೆ? ಕುದುರೆಯು ಮೇವನ್ನು ಬಿಡುತ್ತದೆ. ತಲೆಯನ್ನು ತಿರುಗಿಸಿ ಮತ್ತೆ ಮತ್ತೆ ತನ್ನ ಪಕ್ಕೆಯನ್ನು ನೋಡುತ್ತದೆ. ಮುಂಗಾಲಿನಿಂದ ನೆಲವನ್ನು ಕೆರೆಯುತ್ತದೆ. ಹಿಂಗಾಲಿನಿಂದ ಹೊಟ್ಟೆಗೆ ಒದೆಯುತ್ತದೆ. ಮಲಗುತ್ತದೆ, ಏಳುತ್ತದೆ, ಹೊರಳುತ್ತದೆ, ಬೆವರುತ್ತದೆ. ಲದ್ದಿ ಕಡಿಮೆಯಾಗುವುದು ಅಥವಾ ನಿಲ್ಲುವುದು ಉಂಟು. ಆರೋಗ್ಯವಾದ ಕುದುರೆಯ ನಾಡಿಯು ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಮೈಯ ಉಷ್ಣತೆ ಸುಮಾರು 37ರಿಂದ 38.5 ಡಿಗ್ರಿ ಸೆಂಟಿಗ್ರೇಡ್ ಇರುತ್ತದೆ. ವಸಡು ನಸುಗೆಂಪಾಗಿ ತೇವವಾಗಿದ್ದು, ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ಬಣ್ಣ ತಾಳಬೇಕು. ಪಕ್ಕೆಗೆ ಕಿವಿಯಿಟ್ಟರೆ ಕರುಳಿನ ಗುಡುಗುಡು ಸದ್ದು ಕೇಳಬೇಕು. ಈ ಸಂಗತಿಗಳನ್ನು ಕುದುರೆ ಚೆನ್ನಾಗಿರುವಾಗಲೇ ನೋಡಿ ಅಭ್ಯಾಸ ಮಾಡಿಕೊಂಡಿರಬೇಕು. ಸಹಜವನ್ನು ತಿಳಿಯದವನು ವಿಕಾರವನ್ನು ಹೇಗೆ ತಿಳಿದಾನು? ನಾಡಿಯು 60ನ್ನು ಮೀರಿ ನಿಂತರೆ, ವಸಡು ಕಡುಗೆಂಪಿಗೋ ನೀಲಿಗೋ ತಿರುಗಿದರೆ, ಕರುಳು ನಿಶ್ಶಬ್ದವಾದರೆ, ಒಂದು ಗಳಿಗೆಯನ್ನೂ ಕಳೆಯಬಾರದು. ನೋವಿನಿಂದ ಒದ್ದಾಡುತ್ತಿದ್ದ ಪ್ರಾಣಿಯು ಇದ್ದಕ್ಕಿದ್ದಂತೆ ಶಾಂತವಾಗಿ, ಮೈ ತಣ್ಣಗಾಗಿ, ಮಂಕಾಗಿ ನಿಂತರೆ ಅದನ್ನು ಗುಣವೆಂದು ಭ್ರಮಿಸಬಾರದು; ಕರುಳು ಒಡೆದುದರ ಸೂಚನೆಯೂ ಅದಾಗಿರಬಹುದು.

ಲಕ್ಷಣ ಕಂಡೊಡನೆ ಪಶುವೈದ್ಯರಿಗೆ ಹೇಳಿಕಳುಹಿಸಬೇಕು. ಅವರು ಬರುವವರೆಗೆ ಮಾಡತಕ್ಕುದು ಸ್ವಲ್ಪ, ಮಾಡಬಾರದುದು ಬಹಳ. ಮೇವನ್ನೆಲ್ಲ ತೆಗೆದುಬಿಡಬೇಕು. ಶೂಲೆ ಯಾವಾಗ ಕಾಣಿಸಿತು, ಕಡೆಯ ಲದ್ದಿ ಯಾವಾಗ ಬಿದ್ದಿತು, ಏನು ತಿಂದಿತ್ತು, ನಾಡಿಯೆಷ್ಟು ಎಂಬುದನ್ನು ಬರೆದಿಡಬೇಕು. ಕುದುರೆಯು ಶಾಂತವಾಗಿ ಮಲಗಿದ್ದರೆ ಹೊಡೆದೆಬ್ಬಿಸಬೇಕಾಗಿಲ್ಲ. ಜೋರಾಗಿ ಹೊರಳುತ್ತಿದ್ದರೆ ಗಾಯವಾಗದಂತೆ ಬಯಲಿಗೆ ತಂದು ಸ್ವಲ್ಪ ಹೊತ್ತು ಮೆಲ್ಲನೆ ನಡೆಸಬಹುದು. ಬಳಲುವಂತೆ ಗಂಟೆಗಟ್ಟಲೆ ನಡೆಸುವುದರಿಂದ ಕೇಡೇ ಹೊರತು ಲಾಭವಿಲ್ಲ. ಎಲ್ಲಕ್ಕಿಂತ ಮುಖ್ಯವಾದುದು ಇದು: ಎಣ್ಣೆಯನ್ನಾಗಲಿ ಕಷಾಯವನ್ನಾಗಲಿ ಸೀಸೆಯಿಂದಲೋ ಗೊಟ್ಟದಿಂದಲೋ ತಲೆಯೆತ್ತಿ ಹಿಡಿದು ಸುರಿಯಕೂಡದು. ಅದು ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯ ರೋಗಕ್ಕೆ ಎದೆಯ ರೋಗವೂ ಸೇರುತ್ತದೆ. ವೈದ್ಯರು ಮೂಗಿನ ಮೂಲಕ ಜಠರಕ್ಕೆ ನಳಿಕೆಯನ್ನು ಇಳಿಸುವುದು ಎರಡು ಉದ್ದೇಶಗಳಿಂದ: ವಾಂತಿ ಮಾಡಲಾರದ ಪ್ರಾಣಿಯ ಜಠರದಲ್ಲಿ ತುಂಬಿಕೊಂಡ ದ್ರವವನ್ನು ಹೊರಕ್ಕೆ ಹರಿಸಿ ಅದು ಒಡೆಯದಂತೆ ಕಾಪಾಡುವುದು, ತಕ್ಕ ಔಷಧವನ್ನು ಅಪಾಯವಿಲ್ಲದೆ ಒಳಕ್ಕೆ ಸೇರಿಸುವುದು. ನೋವು ತಗ್ಗಿಸುವ ಚುಚ್ಚುಮದ್ದನ್ನು ಅಂಗಡಿಯಿಂದ ತಂದು ತಾವಾಗಿಯೇ ಕೊಡುವುದೂ ಸಲ್ಲದು. ನೋವು ಅಡಗಿದರೂ ಕರುಳಿನ ತಿರುಚು ಅಡಗುವುದಿಲ್ಲ. ವೈದ್ಯರ ಕಣ್ಣಿಗೆ ಬೀಳಬೇಕಾದ ಲಕ್ಷಣವು ಮಾತ್ರ ಮರೆಯಾಗುತ್ತದೆ.

ಶೂಲೆಯ ಬಹುಪಾಲು ಪ್ರಸಂಗಗಳು ಸಕಾಲದಲ್ಲಿ ಔಷಧೋಪಚಾರ ದೊರೆತರೆ ಗುಣವಾಗುತ್ತವೆ. ಕರುಳು ತಿರುಚಿಕೊಂಡ ಕೆಲವಕ್ಕೆ ಶಸ್ತ್ರಚಿಕಿತ್ಸೆಯೊಂದೇ ಗತಿ. ಅಲ್ಲಿ ಗಂಟೆ ಗಂಟೆಗೂ ಬದುಕುವ ಆಸೆ ಕುಗ್ಗುತ್ತದೆ. ಪಂದ್ಯದ ಕುದುರೆಗೆ ವೈದ್ಯರು ಹತ್ತಿರದಲ್ಲಿಯೇ ಇರುತ್ತಾರೆ. ಟಾಂಗಾದವನಿಗಾದರೋ, ಒಂದು ದಿನದ ಸಂಪಾದನೆ ಹೋದೀತೆಂಬ ಭಯ, ವೈದ್ಯರ ಖರ್ಚಿನ ಭಯ. ಬೆಳಗಾಗಲಿ ನೋಡೋಣವೆಂದು ಕಾಯುತ್ತಾನೆ. ಆ ಒಂದು ರಾತ್ರಿಯಲ್ಲಿ ಕುದುರೆಯೂ ಹೋಗಿ ಮನೆಯ ಜೀವನಾಧಾರವೂ ಹೋಗುವುದುಂಟು. ನಗರವಾಸಿಗಳಾದ ನಾವು ಕುದುರೆಯನ್ನು ಸಾಕದಿದ್ದರೂ ಅದು ಎಳೆಯುವ ಗಾಡಿಯಲ್ಲಿ ಕುಳಿತುಕೊಳ್ಳುತ್ತೇವೆ. ಅದರ ಮುಂದೆ ಹುಲ್ಲಿದೆಯೆ, ನೀರು ಕಂಡಿದೆಯೆ ಎಂದು ಹತ್ತುವ ಮೊದಲು ಒಂದು ಮಾತು ಕೇಳಿದರೆ ನಮಗೆ ನಷ್ಟವಿಲ್ಲ. ಪಕ್ಕೆಯನ್ನು ನೋಡುತ್ತ ನೆಲವನ್ನು ಕೆರೆಯುವ ಕುದುರೆಯನ್ನು ಕಂಡಾಗ, ಅದನ್ನು ಬಿಚ್ಚಿ ವೈದ್ಯರ ಬಳಿಗೆ ಒಯ್ಯುವಂತೆ ಅದರ ಯಜಮಾನನಿಗೆ ಹೇಳಿ, ಸಾಧ್ಯವಾದರೆ ಆ ದಿನದ ಬಾಡಿಗೆಯನ್ನೂ ಕೊಟ್ಟು ಕಳುಹಿಸಿದರೆ, ಪ್ರಾಣಿಗೂ ಅದನ್ನು ನಂಬಿದ ಮನೆಗೂ ಒಟ್ಟಿಗೆ ಉಪಕಾರ ಮಾಡಿದಂತಾಗುತ್ತದೆ.