ಉಪಕರಣ, ವೇಗ ಮತ್ತು ‘ನಾನು’: ದುಡಿಮೆಯ ಅನುಭವವನ್ನು ಕುರಿತು

ದುಡಿಮೆಯನ್ನು ಕೂಲಿ, ಉತ್ಪಾದನೆ, ವರ್ಗ ಎಂಬ ಪರಿಕಲ್ಪನೆಗಳ ಮೂಲಕ ನೋಡುವುದು ನಮಗೆ ರೂಢಿಯಾಗಿದೆ. ದುಡಿಯುತ್ತಿರುವ ಗಳಿಗೆಯಲ್ಲಿ ಲೋಕ ಹೇಗೆ ತೋರುತ್ತದೆ, ದುಡಿಯುವವರ ‘ನಾನು’ ಅಲ್ಲಿ ಎಲ್ಲಿರುತ್ತದೆ ಎಂಬ ಪ್ರಶ್ನೆ ಫಿನಾಮಿನಾಲಜಿ ಎಂದು ಹೆಸರಾದ ವಿದ್ಯಮಾನಶಾಸ್ತ್ರಕ್ಕೆ ಸೇರಿದುದು. ಸಿದ್ಧಾಂತಗಳನ್ನು ಬದಿಗಿರಿಸಿ, ವಸ್ತುವು ಅನುಭವಕ್ಕೆ ಒದಗುವ ಬಗೆಯನ್ನೇ ವಿವರಿಸುವುದು ಹುಸರ್ಲ್ ಹಾಕಿಕೊಟ್ಟ ಈ ಕ್ರಮದ ತಿರುಳು.

ಹೈಡೆಗ್ಗರ್ 1927ರಲ್ಲಿ ಪ್ರಕಟಿಸಿದ ‘ಸೈನ್ ಉಂಡ್ ತ್ಸೈಟ್’ ಕೃತಿಯಲ್ಲಿ ಬರುವ ಸುತ್ತಿಗೆಯ ಉದಾಹರಣೆ ಪ್ರಸಿದ್ಧವಾದುದು. ಮೊಳೆ ಹೊಡೆಯುತ್ತಿರುವವನಿಗೆ ಸುತ್ತಿಗೆ ಇಂತಿಷ್ಟು ತೂಕದ ವಸ್ತುವಾಗಿ ಕಾಣುವುದಿಲ್ಲ. ಅದು ಕೈಗೆ ಒದಗಿ ಗಮನದಿಂದ ಮರೆಯಾಗುತ್ತದೆ. ಮುರಿದಾಗಲೇ ಅದು ಎದುರಿಗೆ ನಿಲ್ಲುವ ವಸ್ತುವಾಗುವುದು. ಸುತ್ತಿಗೆ ಮೊಳೆಯನ್ನು, ಮೊಳೆ ಪಾದರಕ್ಷೆಯನ್ನು, ಪಾದರಕ್ಷೆ ತೊಡುವವನನ್ನು ಸೂಚಿಸುತ್ತ ಒಂದು ಲೋಕವೇ ತೆರೆದುಕೊಳ್ಳುತ್ತದೆ. ‘ನಾನು’ ಆ ಲೋಕದ ಹೊರಗೆ ನಿಂತ ಪ್ರೇಕ್ಷಕನಲ್ಲ. ಮೆರ್ಲೊ-ಪಾಂಟಿ 1945ರಲ್ಲಿ ಈ ಅರಿವನ್ನು ದೇಹದಲ್ಲಿ ಗುರುತಿಸಿದ: ಬೆರಳಚ್ಚು ಬಲ್ಲವರಿಗೆ ಅಕ್ಷರಗಳ ಸ್ಥಾನವನ್ನು ಬಾಯಲ್ಲಿ ಹೇಳಲು ಬಾರದಿದ್ದರೂ ಬೆರಳುಗಳಿಗೆ ಅದು ಗೊತ್ತು. ನಮ್ಮಲ್ಲಿ ‘ಕಾಯಕ’ವನ್ನು ವ್ಯಾಖ್ಯಾನಿಸುವಾಗಲೂ ಇಂಥ ತನ್ಮಯತೆಯ ಚಿತ್ರವೇ ಮುಂದೆ ಬರುವುದುಂಟು, ಶಬ್ದದೊಳಗೇ ‘ಕಾಯ’ವಿದ್ದರೂ ಆ ಕಾಯದ ದಣಿವನ್ನು ನಾವು ಅಷ್ಟಾಗಿ ಓದಿಲ್ಲವೆನ್ನಬೇಕು.

ಡಜನ್‌ಗಟ್ಟಲೆ ತಯಾರಾಗುವ ಸರಕಿನಲ್ಲಿಯೂ ತೊಡುವವನ ಸೂಚನೆ ಅನಿರ್ದಿಷ್ಟವಾಗಿಯಾದರೂ ಇರುತ್ತದೆ ಎಂದಷ್ಟೇ ಹೇಳಿ ಹೈಡೆಗ್ಗರ್ ಮುಂದೆ ಸಾಗುತ್ತಾನೆ. ಹಾಗೆ ತಯಾರಿಸುವವರಿಗೆ ಏನಾಗುತ್ತದೆ ಎಂಬುದನ್ನು ಅಲ್ಲಿ ಕೇಳುವುದಿಲ್ಲ. ಅದಕ್ಕೆ ಉತ್ತರ ಸಿಗುವುದು ಸಿಮೋನ್ ವೇಲ್‌ಳ ಕಾರ್ಖಾನೆಯ ದಿನಚರಿಯಲ್ಲಿ.

ವೇಲ್ ವಿದ್ಯಮಾನಶಾಸ್ತ್ರದ ಪಂಥಕ್ಕೆ ಸೇರಿದವಳಲ್ಲ. ತತ್ತ್ವಶಾಸ್ತ್ರದ ಅಧ್ಯಾಪನಕ್ಕೆ ರಜೆ ಹಾಕಿ, 1934ರ ಡಿಸೆಂಬರ್ ಮತ್ತು 1935ರ ಆಗಸ್ಟ್ ನಡುವೆ ಪ್ಯಾರಿಸ್ ಪರಿಸರದ ಮೂರು ಕಾರ್ಖಾನೆಗಳಲ್ಲಿ ಕೂಲಿಯಾಗಿ ದುಡಿದವಳು. ದಿನಚರಿಯ ಪುಟಗಳಲ್ಲಿ ಬಿಡಿಭಾಗಗಳ ಎಣಿಕೆ, ದರ, ಕಳೆದುಹೋದ ನಿಮಿಷಗಳ ಲೆಕ್ಕ ತುಂಬಿವೆ. ನಿಗದಿತ ಸಂಖ್ಯೆ ಮುಟ್ಟಲು ಕೈ ಆಲೋಚನೆಗಿಂತ ವೇಗವಾಗಿ ಚಲಿಸಬೇಕು. ಆಲೋಚಿಸಿದರೆ ವೇಗ ಕುಂದುತ್ತದೆ, ಕೂಲಿ ಕಡಿತವಾಗುತ್ತದೆ. ಆದುದರಿಂದ ಆಲೋಚಿಸದಿರುವುದೇ ಕೆಲಸದ ಭಾಗವಾಗುತ್ತದೆ. ಹೈಡೆಗ್ಗರನ ಕಮ್ಮಟದಲ್ಲಿ ಮರೆಯಾಗುವುದು ಉಪಕರಣ. ಇಲ್ಲಿ ಯಂತ್ರವೂ ಗಡಿಯಾರವೂ ಸದಾ ಎದುರಿಗೇ ಇರುತ್ತವೆ, ಮರೆಯಾಗುವುದು ದುಡಿಯುವವಳು. ಎರಡೂ ಮೇಲುನೋಟಕ್ಕೆ ‘ತನ್ನನ್ನು ಮರೆತು ದುಡಿಯುವುದು’ ಎಂದೇ ಕಾಣುವುದರಿಂದ ಈ ಭೇದವನ್ನು ಒತ್ತಿ ಹೇಳಬೇಕಾಗಿದೆ.

ಈ ಅಳಿವು ಕಾರ್ಖಾನೆಯ ಬಾಗಿಲಲ್ಲಿ ನಿಲ್ಲುವುದಿಲ್ಲ. ಒಂದು ದಿನ ಬಸ್ಸು ಹತ್ತಿದಾಗ ಆಕೆಗೆ ವಿಚಿತ್ರವಾದ ಬೆರಗು ಉಂಟಾಯಿತಂತೆ: ಗುಲಾಮಳಾದ ತಾನು ಎಲ್ಲರಂತೆ ಹಣ ತೆತ್ತು ಇಲ್ಲಿ ಕುಳಿತಿರುವುದು ಹೇಗೆ? ಯಾರಾದರೂ ಗದರಿಸಿ ಕೆಳಗಿಳಿಸಿದ್ದರೆ ಅದು ತನಗೆ ತೀರ ಸಹಜವಾಗಿಯೇ ತೋರುತ್ತಿತ್ತು ಎಂದು ಆಕೆ ಬರೆದುಕೊಂಡಿದ್ದಾಳೆ.