ಎಲೆಕ್ಟ್ರಿಕ್ ಗಿಟಾರ್‌ನ ಟ್ಯೂನರ್ ಬದಲಿಸೋದು ಹೇಗೆ? ಬದಲಿಸೋಕೆ ಮುಂಚೆ ನೋಡಬೇಕಾದ್ದು ಏನು?

ವಿಡಿಯೋ ಪೂರ್ತಿ ನೋಡೋಕೆ ಸಮಯ ಇಲ್ಲದವರಿಗೆ, ಕಂಪನಿ ಬಸ್ಸಲ್ಲಿ ಕೂತು ಓದೋರಿಗೆ ಅಂತ, ಮಾತಾಡಿದ್ದನ್ನೇ ಸ್ವಲ್ಪ ಓರಣ ಮಾಡಿ ಇಲ್ಲಿ ಹಾಕಿದ್ದೇನೆ. ವಿಡಿಯೋದಲ್ಲಿ ಅವಸರದಲ್ಲಿ ಬಿಟ್ಟುಹೋದ ಒಂದೆರಡು ಅಳತೆಗಳನ್ನೂ ಸೇರಿಸಿದ್ದೇನೆ.

ಮೊದಲು ನನ್ನ ಕಥೆ ಹೇಳಿಬಿಡ್ತೀನಿ, ಯಾಕಂದ್ರೆ ಇದರಲ್ಲಿ ನನ್ನ ದಡ್ಡತನವೇ ಮುಖ್ಯ ಪಾಠ.

ನನ್ನ ಹತ್ತಿರ ಒಂದೇ ಎಲೆಕ್ಟ್ರಿಕ್ ಗಿಟಾರ್ ಇರೋದು. ಮೊದಲ ಬೋನಸ್‌ನಲ್ಲಿ ತಗೊಂಡಿದ್ದು. ಚೆನ್ನೈ ಪಿಜಿಯ ಮಂಚದ ಕೆಳಗೆ ಇತ್ತು, ಹೈದರಾಬಾದಿಗೆ ಬಂತು, ಈಗ ಪುಣೆಯಲ್ಲಿ ನನ್ನ ಜೊತೆ ಇದೆ. ಇಲ್ಲಿ ನಮ್ಮ ಕನ್ನಡ ಗೆಳೆಯರ ಬಳಗ ಪ್ರತಿ ನವೆಂಬರ್‌ನಲ್ಲಿ ಒಂದು ಸಣ್ಣ ರಾಜ್ಯೋತ್ಸವ ಮಾಡುತ್ತೆ. ಹಾಡೋರ ಹಿಂದೆ ನಿಂತು ನುಡಿಸೋದು ನನ್ನ ಕೆಲಸ. ಒಂದು ವರ್ಷ ಎರಡನೇ ಹಾಡಿಗೇ ಮೂರನೇ ತಂತಿ ಇಳಿದುಹೋಯ್ತು. ಸರಿ ಮಾಡಿದೆ, ಮತ್ತೆ ಇಳೀತು. ಹಾಡ್ತಿದ್ದ ಹುಡುಗಿ ತಿರುಗಿ ನೋಡಿದಳು. ಮೂರನೇ ಹಾಡಿಗೆ ನಾನು ವಾಲ್ಯೂಮ್ ಪೂರ್ತಿ ಇಳಿಸಿ, ನುಡಿಸೋ ಹಾಗೆ ನಟನೆ ಮಾಡ್ತಾ ನಿಂತಿದ್ದೆ. ಮನೆಗೆ ಬಂದವನೇ ಅದೇ ರಾತ್ರಿ ಹೊಸ ಟ್ಯೂನರ್ ಸೆಟ್ ಆರ್ಡರ್ ಮಾಡಿದೆ. ಯೋಚನೆ ಮಾಡಲಿಲ್ಲ, ಕೋಪ ಬಂದಿತ್ತು ಅಷ್ಟೇ.

ಟ್ಯೂನರ್ ಒಳಗೆ ಏನಿದೆ?

ನಮ್ಮ ವೀಣೆ, ತಂಬೂರಿಯಲ್ಲಿ ಮರದ ಬಿರಡೆ ಇರುತ್ತೆ. ರಂಧ್ರದಲ್ಲಿ ಬಿಗಿಯಾಗಿ ಕೂತ ಮರದ ಘರ್ಷಣೆಯೇ ತಂತಿಯನ್ನು ಹಿಡಿದಿಡೋದು. ಅದಕ್ಕೇ ಬಿರಡೆ ಜಾರಿದ್ರೆ ಸೀಮೆಸುಣ್ಣದ ಪುಡಿ ಹಚ್ಚೋದು. ಗಿಟಾರ್‌ನಲ್ಲಿ ಆ ಜಾಗಕ್ಕೆ ಲೋಹದ ಗೇರ್ ಇದೆ. ನಾವು ತಿರುಗಿಸೋ ಗುಂಡಿಯ ಕಡ್ಡಿಗೆ ಸುರುಳಿ ಹಲ್ಲು ಇರುತ್ತೆ, ಅದಕ್ಕೆ ವರ್ಮ್ ಅಂತಾರೆ. ಅದು ಒಂದು ಸಣ್ಣ ಹಲ್ಲಿನ ಚಕ್ರವನ್ನು ತಿರುಗಿಸುತ್ತೆ. ಆ ಚಕ್ರ ಕೂತಿರೋ ಕಂಬಕ್ಕೇ ತಂತಿ ಸುತ್ತಿರೋದು.

ಇದರ ವಿಶೇಷ ಏನಂದ್ರೆ, ವರ್ಮ್ ಚಕ್ರವನ್ನು ತಿರುಗಿಸಬಲ್ಲದು, ಚಕ್ರ ವರ್ಮನ್ನು ತಿರುಗಿಸಲಾರದು. ಸಾಮಾನ್ಯ 10ನೇ ಗೇಜ್ ತಂತಿ ಸೆಟ್ ಹಾಕಿದ್ರೆ ಆರೂ ತಂತಿಗಳ ಎಳೆತ ಒಟ್ಟು 40 ಕಿಲೋಗೂ ಹೆಚ್ಚು. ಅಷ್ಟು ಎಳೆದ್ರೂ ಗುಂಡಿ ತನ್ನಷ್ಟಕ್ಕೆ ಹಿಂದೆ ತಿರುಗಲ್ಲ. ಅಂದ್ರೆ "ಟ್ಯೂನರ್ ಜಾರ್ತಿದೆ" ಅಂತ ನಾವು ಹೇಳೋದು ಬಹಳ ಸಲ ತಪ್ಪು. ಬಿರಡೆ ಜಾರುತ್ತೆ, ಗೇರ್ ಅಷ್ಟು ಸುಲಭಕ್ಕೆ ಜಾರಲ್ಲ. ಇದು ನನಗೆ ಆಗ ಗೊತ್ತಿರಲಿಲ್ಲ.

ಪೆಟ್ಟಿಗೆ ಮೇಲೆ 14:1, 18:1 ಅಂತ ಬರೆದಿರ್ತಾರಲ್ಲ, ಅದು ಗೇರ್ ಅನುಪಾತ. ಗುಂಡಿ 14 ಸುತ್ತು ತಿರುಗಿದ್ರೆ ಕಂಬ ಒಂದು ಸುತ್ತು. ಕಂಬದ ದಪ್ಪ 6 ಮಿ.ಮೀ. ಅಂದುಕೊಳ್ಳಿ, ಸುತ್ತಳತೆ ಸುಮಾರು 19 ಮಿ.ಮೀ. 14:1ರಲ್ಲಿ ಗುಂಡಿಯ ಒಂದು ಸುತ್ತಿಗೆ ತಂತಿ ಸುಮಾರು 1.35 ಮಿ.ಮೀ. ಎಳೆಯುತ್ತೆ, 18:1ರಲ್ಲಿ ಸುಮಾರು 1.05 ಮಿ.ಮೀ. ಎರಡನೆಯದರಲ್ಲಿ ಶ್ರುತಿ ಇನ್ನಷ್ಟು ನಯವಾಗಿ ಸೇರಿಸಬಹುದು. ಹಾಗಂತ ಅದರಲ್ಲಿ ಶ್ರುತಿ ಹೆಚ್ಚು ಹೊತ್ತು ನಿಲ್ಲುತ್ತೆ ಅಂತೇನಿಲ್ಲ.

ಬದಲಿಸೋಕೆ ಮುಂಚೆ ನಾಲ್ಕು ಪರೀಕ್ಷೆ

ಒಂದು ಗೊಂದಲ ಮೊದಲೇ ಬಿಡಿಸಿಬಿಡೋಣ. ಗಿಟಾರ್‌ನಲ್ಲಿ "ನಟ್" ಅಂದ್ರೆ ಬೋಲ್ಟಿಗೆ ಹಾಕೋ ನಟ್ ಅಲ್ಲ. ಕತ್ತಿನ ತುದಿಯಲ್ಲಿ ತಂತಿಗಳು ಗಾಡಿಯಲ್ಲಿ ಕೂತು ಹಾದುಹೋಗೋ ಬಿಳಿ ಪಟ್ಟಿ ಇದೆಯಲ್ಲ, ಅದು.

1. ಗುಂಡಿ ತಿರುಗಿಸ್ತಾ ಕಂಬವನ್ನೇ ನೋಡಿ. ಗುಂಡಿ ತಿರುಗ್ತಿದೆ, ಕಂಬ ಅಲ್ಲೇ ನಿಂತಿದೆ ಅಂದ್ರೆ ಗೇರ್ ಸವೆದಿದೆ. ಕಂಬ ತಿರುಗ್ತಿದೆ, ಸ್ವರ ಮಾತ್ರ ಏರ್ತಿಲ್ಲ, ಆಮೇಲೆ "ಟಿಕ್" ಅಂತ ಒಮ್ಮೆಲೇ ಜಿಗಿಯುತ್ತೆ ಅಂದ್ರೆ ತಂತಿ ನಟ್‌ನ ಗಾಡಿಯಲ್ಲಿ ಸಿಕ್ಕಿಕೊಂಡಿದೆ. ಟ್ಯೂನರ್ ತಪ್ಪಲ್ಲ.

2. ತಂತಿಯನ್ನು ಬೆರಳಲ್ಲಿ ಜೋರಾಗಿ ಬೆಂಡ್ ಮಾಡಿ ಬಿಡಿ. ಸ್ವರ ಇಳೀತಾ? ಈಗ ನಟ್‌ಗೂ ಟ್ಯೂನರ್‌ಗೂ ನಡುವೆ ಇರೋ ತಂತಿಯನ್ನು ಬೆರಳಲ್ಲಿ ಒತ್ತಿ ಬಿಡಿ. ಸ್ವರ ವಾಪಸ್ ಜಾಗಕ್ಕೆ ಬಂದ್ರೆ ಕಳ್ಳ ನಟ್. ಬೆಂಡ್ ಮಾಡಿದಾಗ ಈ ಕಡೆಗೆ ಜಾರಿಬಂದ ತಂತಿ ಹಿಂದಕ್ಕೆ ಹೋಗೋಕಾಗದೆ ಅಲ್ಲೇ ನಿಂತಿರುತ್ತೆ, ಅದಕ್ಕೇ ಸ್ವರ ಇಳಿಯೋದು.

3. ಟ್ಯೂನರನ್ನೇ ಹಿಡಿದು ಅಲುಗಾಡಿಸಿ. ಅಲುಗಿದ್ರೆ ಮುಂಭಾಗದ ಆರು ಮೂಲೆಯ ಬುಶ್ ಸಡಿಲ ಆಗಿರಬಹುದು. ಮುಚ್ಚಿದ ಗೇರ್‌ನ ಟ್ಯೂನರ್‌ಗಳಲ್ಲಿ ಇದಕ್ಕೆ ಸಾಮಾನ್ಯವಾಗಿ 10 ಮಿ.ಮೀ. ಸ್ಪ್ಯಾನರ್ ಸಾಕು. ಗುಂಡಿಯ ತುದಿಯಲ್ಲಿ ಸಣ್ಣ ಸ್ಕ್ರೂ ಇದ್ರೆ ಅದನ್ನೂ ಅರ್ಧ ಸುತ್ತು ಬಿಗಿ ಮಾಡಿ ನೋಡಿ. ಎರಡು ನಿಮಿಷದ ಕೆಲಸ, ಖರ್ಚಿಲ್ಲ.

4. ತಂತಿ ಹೊಸದಾ? ಕಂಬಕ್ಕೆ ಒಂದರ ಮೇಲೊಂದು ಅಡ್ಡಾದಿಡ್ಡಿ ಸುತ್ತಿದೆಯಾ? ಹಾಗಿದ್ರೆ ಸುತ್ತು ಕೂರೋವರೆಗೂ ಶ್ರುತಿ ಇಳೀತಾನೇ ಇರುತ್ತೆ.

ಇನ್ನೊಂದು ಅಭ್ಯಾಸ: ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಸೇರಿಸಿ. ಸ್ವರ ಹೆಚ್ಚಾಯ್ತು ಅಂದ್ರೆ, ಬೇಕಾದ್ದಕ್ಕಿಂತ ಕೆಳಗೆ ಇಳಿಸಿ ಮತ್ತೆ ಏರಿಸಿ. ಮೇಲಿಂದ ಇಳಿಸಿ ನಿಲ್ಲಿಸಿದ್ರೆ ಗೇರ್ ಹಲ್ಲುಗಳ ನಡುವಿನ ಸಂದು ಹಾಗೇ ಉಳಿಯುತ್ತೆ. ನಾಲ್ಕು ಸಲ ಬಾರಿಸಿದ ಮೇಲೆ ತಂತಿ ಆ ಸಂದನ್ನು ಎಳೆದುಕೊಳ್ಳುತ್ತೆ.

ಹೊಸದು ಬೇಕೇ ಬೇಕು ಅಂದ್ರೆ ಅಳತೆ

ಟ್ಯೂನರ್ ಚಪ್ಪಲಿ ಇದ್ದ ಹಾಗೆ, ಚೆನ್ನಾಗಿದೆ ಅಂತ ತಗೊಂಡ್ರೆ ಆಗಲ್ಲ, ಹಿಡಿಸಬೇಕು. ಪಿಯುಸಿ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ ನೆನಪಿದೆಯಾ? ಅದಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿತು.

ಹಳೇದನ್ನು ಒಂದು ಬಿಚ್ಚಿ ಮರದ ರಂಧ್ರ ಅಳೆಯಿರಿ. ಈಗಿನ ಮುಚ್ಚಿದ ಗೇರ್‌ನ ಟ್ಯೂನರ್‌ಗಳಿಗೆ, ಅಂದ್ರೆ ಗ್ರೋವರ್, ಶಾಲರ್ ಮಾದರಿಯವಕ್ಕೆ, ಸಾಮಾನ್ಯವಾಗಿ 10 ಮಿ.ಮೀ. ರಂಧ್ರ ಇರುತ್ತೆ. ಹಳೇ ಕಾಲದ ಕ್ಲೂಸನ್ ಮಾದರಿಗೆ 9 ಮಿ.ಮೀ.ಗಿಂತ ಸ್ವಲ್ಪ ಕಡಿಮೆ. ದೊಡ್ಡ ರಂಧ್ರಕ್ಕೆ ಹಳೇ ಮಾದರಿ ಹಾಕೋಕೆ ಬೇರೆ ಬುಶ್ ಸಿಗುತ್ತೆ. ಸಣ್ಣ ರಂಧ್ರವನ್ನು ದೊಡ್ಡದು ಮಾಡಬೇಕು ಅಂದ್ರೆ ರೀಮರ್ ಬೇಕು. ನೇರವಾಗಿ ಡ್ರಿಲ್ ಬಿಟ್ಟರೆ ಅಂಚಿನ ಪಾಲಿಶ್ ಚಕ್ಕೆ ಏಳುತ್ತೆ. ಅಭ್ಯಾಸ ಇಲ್ಲದಿದ್ರೆ ಅದಕ್ಕೆ ಕೈ ಹಾಕ್ಬೇಡಿ, ಇರೋ ರಂಧ್ರಕ್ಕೆ ಸರಿಹೋಗೋದನ್ನೇ ಹುಡುಕಿ.

ಎರಡನೇದು, ಸಾಲು. ಫೆಂಡರ್ ಮಾದರಿಯಲ್ಲಿ ಆರೂ ಒಂದೇ ಕಡೆ, ಗಿಬ್ಸನ್ ಲೆಸ್ ಪಾಲ್ ಮಾದರಿಯಲ್ಲಿ ಈ ಕಡೆ ಮೂರು, ಆ ಕಡೆ ಮೂರು. ಎಡದ್ದು ಬಲಕ್ಕೆ ಆಗಲ್ಲ.

ಮೂರನೇದು, ನಾನು ಎಡವಿದ ಜಾಗ: ಹಿಂಭಾಗದ ಸಣ್ಣ ಸ್ಕ್ರೂ ಎಲ್ಲಿದೆ? ಕೆಲವಕ್ಕೆ ಎರಡು ಸ್ಕ್ರೂ, ಕೆಲವಕ್ಕೆ ಒಂದು ನೇರಕ್ಕೆ, ಕೆಲವಕ್ಕೆ ಒಂದು ಓರೆಗೆ, ಕೆಲವಕ್ಕೆ ಸ್ಕ್ರೂ ಬದಲು ಎರಡು ಮೊಳೆಯಂಥ ಪಿನ್. ಫೋಟೋ ಪಕ್ಕಪಕ್ಕ ಇಟ್ಟು ನೋಡಿ. ನನ್ನ ಹಳೇದರಲ್ಲಿ ಸ್ಕ್ರೂ ನೇರಕ್ಕಿತ್ತು, ಹೊಸದರಲ್ಲಿ ಓರೆಗೆ.

ಲಾಕಿಂಗ್ ಟ್ಯೂನರ್ ಬಗ್ಗೆ ತುಂಬ ಜನ ಕೇಳ್ತಾರೆ. ಅದು ಗೇರನ್ನು ಲಾಕ್ ಮಾಡಲ್ಲ. ಕಂಬದ ರಂಧ್ರದೊಳಗೆ ತಂತಿಯನ್ನು ಒಂದು ಪಿನ್ ಒತ್ತಿ ಹಿಡಿಯುತ್ತೆ, ಹಾಗಾಗಿ ಒಂದು ಸುತ್ತೂ ಬೇಕಿಲ್ಲ. ತಂತಿ ಬದಲಿಸೋದು ಬೇಗ ಆಗುತ್ತೆ, ಸುತ್ತು ಸಡಿಲ ಆಗೋ ಸಮಸ್ಯೆ ಇಲ್ಲ. ಟ್ರೆಮೊಲೊ ಕಡ್ಡಿ ಬಳಸೋರಿಗೆ ಉಪಯೋಗ ಇದೆ. ಆದ್ರೆ ನಟ್‌ನಲ್ಲಿ ಸಿಕ್ಕಿಕೊಳ್ಳೋ ತಂತಿಗೆ ಅದು ಮದ್ದಲ್ಲ. ತೂಕ ಜಾಸ್ತಿ ಇದ್ರೆ ಗಿಟಾರ್‌ನ ತಲೆ ಕೆಳಗೆ ವಾಲೋದೂ ಉಂಟು.

ಬಿಚ್ಚೋದು, ಕೂರಿಸೋದು

ತಂತಿಗಳನ್ನು ನಿಧಾನವಾಗಿ ಸಡಿಲಿಸಿ ತೆಗೆಯಿರಿ. ಬಿಗಿ ಇರುವಾಗಲೇ ಕತ್ತರಿಸಬೇಡಿ, ಚಾಟಿ ಥರ ಮುಖಕ್ಕೆ ಹೊಡೆಯುತ್ತೆ. ಹಿಂದಿನ ಸಣ್ಣ ಸ್ಕ್ರೂಗೆ ಸರಿಯಾಗಿ ಕೂರೋ ಸ್ಟಾರ್ ಸ್ಕ್ರೂಡ್ರೈವರ್ ಹಿಡಿಯಿರಿ. ಮುಂದಿನ ಬುಶ್‌ಗೆ ಸ್ಪ್ಯಾನರ್, ಇಕ್ಕಳ ಬೇಡ. ಬುಶ್, ವಾಷರ್ ಬಂದ ಮೇಲೆ ಟ್ಯೂನರ್ ಹಿಂದಿನಿಂದ ಈಚೆ ಬರುತ್ತೆ. ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಎತ್ತಿಡಿ.

ಹೊಸದನ್ನು ತೂರಿಸಿ, ಬುಶ್ ಬೆರಳಲ್ಲಿ ಬಿಗಿ ಮಾಡಿ. ಮೂರೂ ಒಂದೇ ಗೆರೆಯಲ್ಲಿ ಬರೋ ಹಾಗೆ ಸ್ಕೇಲ್ ಇಟ್ಟು ನೋಡಿ, ಆಮೇಲೆ ಸ್ಪ್ಯಾನರ್‌ನಿಂದ ಹದವಾಗಿ ಬಿಗಿ ಮಾಡಿ. ಟ್ಯೂನರನ್ನು ನಿಜವಾಗಿ ಹಿಡಿದಿಡೋದು ಈ ಬುಶ್. ಹಿಂದಿನ ಸ್ಕ್ರೂ ಇರೋದು ಅದು ತಿರುಗದ ಹಾಗೆ ತಡೆಯೋಕೆ ಮಾತ್ರ. ಅದಕ್ಕೇ ಆ ಸ್ಕ್ರೂಗೆ ನಿಮ್ಮ ಬಲ ತೋರಿಸಬೇಡಿ.

ನಾನು ತೋರಿಸಿದೆ. ಹೊಸ ಜಾಗದಲ್ಲಿ ರಂಧ್ರ ಕೊರೆಯದೆ, ಗಟ್ಟಿ ಮೇಪಲ್ ಮರಕ್ಕೆ ನೇರವಾಗಿ ಸ್ಕ್ರೂ ಒತ್ತಿ ತಿರುಗಿಸಿದೆ. ಎರಡನೇದರಲ್ಲೇ ತಲೆ ಮುರಿದು ಕೈಗೆ ಬಂತು, ಉಳಿದಿದ್ದು ಮರದಲ್ಲಿ. ಪುಣ್ಯಕ್ಕೆ ಒಂದು ಚೂರು ಮೇಲೆ ಕಾಣ್ತಿತ್ತು. ಸೋಲ್ಡರಿಂಗ್ ಐರನ್ ತುದಿಯಿಂದ ಅದನ್ನು ಬಿಸಿ ಮಾಡಿ, ಚೂಪು ಇಕ್ಕಳದಲ್ಲಿ ಹಿಡಿದು ನಿಧಾನವಾಗಿ ತಿರುಗಿಸಿ ತೆಗೆದೆ. ಸುತ್ತಲ ಪಾಲಿಶ್ ಸುಟ್ಟು ಕಡ್ಲೆಕಾಳಿನಷ್ಟು ಕಪ್ಪು ಕಲೆ ಉಳೀತು. ಹತ್ತು ವರ್ಷ ಮೂರು ಊರು ಸುತ್ತಿದರೂ ಒಂದು ಗೀರು ಬೀಳದ ಗಿಟಾರ್ ಅದು. ಆ ರಾತ್ರಿ ಊಟ ಸೇರಲಿಲ್ಲ.

ಸರಿಯಾದ ಕ್ರಮ ಹೀಗೆ: ಟ್ಯೂನರ್ ಕೂರಿಸಿ, ಸ್ಕ್ರೂ ಜಾಗವನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿ. ಸ್ಕ್ರೂಗಿಂತ ಸ್ವಲ್ಪ ಸಣ್ಣ ಬಿಟ್ ತಗೊಳ್ಳಿ, 2 ಮಿ.ಮೀ. ಸ್ಕ್ರೂಗೆ 1.5 ಮಿ.ಮೀ. ಸ್ಕ್ರೂ ಎಷ್ಟು ಉದ್ದವೋ ಅಷ್ಟಕ್ಕೆ ಬಿಟ್ ಮೇಲೆ ಟೇಪ್ ಸುತ್ತಿ, ಟೇಪ್ ಮರಕ್ಕೆ ತಾಗಿದ ಕೂಡಲೇ ನಿಲ್ಲಿಸಿ. ಇಲ್ಲದಿದ್ರೆ ಬಿಟ್ ಮುಂದುಗಡೆ ಈಚೆ ಬರುತ್ತೆ. ಸ್ಕ್ರೂ ಮರೆಗೆ ಮೇಣದಬತ್ತಿ ಅಥವಾ ಸೋಪ್ ಉಜ್ಜಿ, ಕೈಯಲ್ಲೇ ತಿರುಗಿಸಿ. ಹಳೇ ರಂಧ್ರ ತೀರಾ ಪಕ್ಕದಲ್ಲಿದ್ರೆ, ಅದಕ್ಕೆ ಮರದ ಅಂಟು ಹಚ್ಚಿದ ಟೂತ್‌ಪಿಕ್ ತುಂಬಿ, ಒಂದು ದಿನ ಒಣಗಲು ಬಿಟ್ಟು ಆಮೇಲೆ ಕೊರೆಯಿರಿ.

ತಂತಿ ಹಾಕುವಾಗ ಸಾಮಾನ್ಯ ಟ್ಯೂನರ್‌ಗೆ ಎರಡು ಮೂರು ಸುತ್ತು, ಮೇಲಿಂದ ಕೆಳಗೆ ಒಪ್ಪವಾಗಿ. ಲಾಕಿಂಗ್ ಆದ್ರೆ ತಂತಿ ಬಿಗಿಯಾಗಿ ಎಳೆದು, ಲಾಕ್ ಮಾಡಿ, ಶ್ರುತಿಗೆ ಏರಿಸಿ. ಆಮೇಲೆ ಪ್ರತಿ ತಂತಿಯನ್ನು ಮೆಲ್ಲಗೆ ಮೇಲಕ್ಕೆಳೆದು ಮತ್ತೆ ಶ್ರುತಿ ಮಾಡಿ. ಇಳಿಯೋದು ನಿಲ್ಲೋವರೆಗೂ ಮಾಡಿ.

ಕೊನೆಗೆ ಏನಾಯ್ತು?

ಆರೂ ಹೊಸದು ಹಾಕಿದೆ. ಬೆಂಡ್ ಮಾಡಿದೆ. ಮೂರನೇ ತಂತಿ ಮತ್ತೆ ಇಳೀತು.

ಭಾನುವಾರ ಅಮ್ಮನ ಫೋನ್ ಬಂದಾಗ ಇದನ್ನೇ ಹೇಳ್ಕೊಂಡೆ. ಅಮ್ಮನಿಗೆ ಗಿಟಾರ್ ಗೊತ್ತಿಲ್ಲ, ಹುಡುಗಿಯಾಗಿದ್ದಾಗ ವೀಣೆ ಕಲಿತಿದ್ದರು. "ಎಲ್ಲಿ, ತಿರುಗಿಸು, ಕೇಳ್ತೀನಿ" ಅಂದ್ರು. ಫೋನ್ ಸ್ಪೀಕರ್‌ಗೆ ಹಾಕಿ ತಿರುಗಿಸಿದೆ. "ಟಿಕ್ ಅಂತಲ್ಲೋ. ಬಿರಡೆ ಜಾರಿದ್ರೆ ಸ್ವರ ಸುಮ್ನೆ ಇಳೀತದೆ, ಹೀಗೆ ಟಿಕ್ ಅನ್ನಲ್ಲ. ತಂತಿ ಎಲ್ಲೋ ಹಿಡ್ಕೊಂಡಿದೆ ನೋಡು" ಅಂದ್ರು.

ಆಗ ತಲೆಗೆ ಹೊಳೀತು. ಪ್ರೊಡಕ್ಷನ್‌ನಲ್ಲಿ ಏನಾದ್ರೂ ಕೆಟ್ಟರೆ ಆಫೀಸಲ್ಲಿ ನಾವು ಮೊದಲು ಕೇಳೋದೇನು? ಇತ್ತೀಚೆಗೆ ಬದಲಾಗಿದ್ದು ಏನು ಅಂತ. ಕಾರ್ಯಕ್ರಮಕ್ಕೆ ಮೂರು ವಾರ ಮುಂಚೆ ನಾನು 9ನೇ ಗೇಜ್ ತೆಗೆದು 10 ಹಾಕಿದ್ದೆ. ತಂತಿ ದಪ್ಪ ಆಗಿತ್ತು, ನಟ್‌ನ ಗಾಡಿ ಮೊದಲಿನಷ್ಟೇ ಇತ್ತು. ಮೇಲಾಗಿ ಈ ಕಡೆ ಮೂರು ಆ ಕಡೆ ಮೂರು ಇರೋ ಗಿಟಾರ್‌ನಲ್ಲಿ ಮೂರನೇ, ನಾಲ್ಕನೇ ತಂತಿ ನಟ್ ದಾಟಿದ ಮೇಲೆ ಪಕ್ಕಕ್ಕೆ ತಿರುಗಬೇಕು, ಸಿಕ್ಕಿಕೊಳ್ಳೋದೂ ಅಲ್ಲೇ ಜಾಸ್ತಿ. 2ಬಿ ಪೆನ್ಸಿಲ್‌ನ ಸೀಸವನ್ನು ಗಾಡಿಗೆ ಉಜ್ಜಿದೆ. ಮುಕ್ಕಾಲು ಪಾಲು ಅಲ್ಲೇ ಸರಿಹೋಯ್ತು. ಉಳಿದಿದ್ದಕ್ಕೆ ಗಿಟಾರ್ ರಿಪೇರಿ ಮಾಡೋರ ಹತ್ತಿರ ಹೋದೆ. ಅವರು ಸಣ್ಣ ಅರದಲ್ಲಿ ನಾಲ್ಕು ಸಲ ಉಜ್ಜಿ ಕೊಟ್ಟರು.

ಹಳೇ ಟ್ಯೂನರ್‌ಗಳನ್ನು ಆಮೇಲೆ ಮೇಜಿನ ಮೇಲಿಟ್ಟು ಒಂದೊಂದಾಗಿ ತಿರುಗಿಸಿ ನೋಡಿದೆ. ಐದು ಚೆನ್ನಾಗೇ ಇದ್ವು. ಆರನೇ ತಂತಿಯದೊಂದು ಮಾತ್ರ ನಿಜವಾಗಿ ಸವೆದಿತ್ತು. ಅದರ ಮೇಲೆ ನನಗೆ ಸಂಶಯವೇ ಬಂದಿರಲಿಲ್ಲ.

ಮುಂದಿನ ವರ್ಷದ ರಾಜ್ಯೋತ್ಸವಕ್ಕೆ ಅಮ್ಮ ಪುಣೆಗೆ ಬಂದಿದ್ದರು. ಎರಡನೇ ಸಾಲಲ್ಲಿ ಕೂತಿದ್ದರು. ಐದು ಹಾಡು, ಶ್ರುತಿ ಕದಲಲಿಲ್ಲ. ಮನೆಗೆ ಬಂದ ಮೇಲೆ ಗಿಟಾರ್ ತಿರುಗಿಸಿ ನೋಡಿ, ಆ ಕಪ್ಪು ಕಲೆ ಮೇಲೆ ಬೆರಳಿಟ್ಟು, "ಇದೇನೋ ಇದು?" ಅಂದ್ರು. "ಅವಸರ ಅಮ್ಮ" ಅಂದೆ.

ಹಾಗಾಗಿ, ಕಾರ್ಟ್‌ನಲ್ಲಿ ಟ್ಯೂನರ್ ಸೆಟ್ ಇಟ್ಟುಕೊಂಡು ಈ ವಿಡಿಯೋಗೆ ಬಂದಿದ್ರೆ, ಇವತ್ತು ರಾತ್ರಿ ಒಂದು ಪೆನ್ಸಿಲ್ ತಗೊಳ್ಳಿ, ಒಂದು ಸ್ಪ್ಯಾನರ್ ತಗೊಳ್ಳಿ, ಆ ನಾಲ್ಕು ಪರೀಕ್ಷೆ ಮಾಡಿ. ಅದಾದ ಮೇಲೂ ಕಂಬ ಅಲುಗದೆ ಗುಂಡಿ ಮಾತ್ರ ತಿರುಗ್ತಿದ್ರೆ, ಧೈರ್ಯವಾಗಿ ಆರ್ಡರ್ ಮಾಡಿ. ಸ್ಕ್ರೂ ಎಲ್ಲಿದೆ ಅಂತ ಮಾತ್ರ ನೋಡ್ಕೊಂಡು ಮಾಡಿ.